ಕಟ್ಟಿಗಿ ಕೋಣ್ಯಾಗಿನ ಗುರುಗಳು

ವರದಾ ಹೊಳಿ ದಂಡಿಗೆ ಒಂದು ಸಣ್ಣ ಮಠ. ಅದರ ಗ್ವಾಡಿಗೆ ಹತ್ತಿ ನಮ್ಮ ಮನಿ. ಅಲ್ಲಿ ಯಾರು ಸೀನಿದ್ರೂ ನನಗ ಗೊತ್ತಾಗತೈತಿ.

ಮಠದಾಗ ಇದ್ದವರು ಇಬ್ರ. ಹಾಡು ಕಲಸೋ ಅಡವಯ್ಯಜ್ಜಾರು. ಕಲಿಯಾಕ ಬಂದ ಫಕ್ಕೀರೇಶ. ಇಂವಂದು ಮೀಸಿ ದಪ್ಪ, ಧ್ವನಿ ಸವಿ, ತಲಿ ಮಾತ್ರ ಸ್ವಲ್ಪ ಖಾಲಿ.

ಅಜ್ಜಾರ ಆಸ್ತಿ ಅಂದ್ರ ಒಂದು ರೆಕಾರ್ಡ್ ಪೆಟಿಗಿ, ಒಂದು ಕಪಾಟು ತುಂಬ ಹಾಡಿನ ಕರೇ ಪ್ಲೇಟು. ಟೇಪು ಬಂದಮ್ಯಾಲೆ ಮಂದಿ ಬ್ಯಾಡಂತ ಒಗದದ್ದನ್ನೆಲ್ಲ ತಂದು, ಒರಸಿ, ಇಟ್ಕೊಂಡಿದ್ರು. ವಚನ, ಕವಾಲಿ, ಕಂಪನಿ ನಾಟಕದ ಹಾಡು, ಇಂಗ್ಲೀಷ್ ಬ್ಯಾಂಡು, ಸಿನಿಮಾದ ಕುಣಿಯೋ ಹಾಡು. ಮುಂಜಾನೆ ಶಿವನ ಧ್ಯಾನ, ಮಧ್ಯಾಹ್ನ ಕುಡುಕ ಗಂಡಗ ಹೆಂಡ್ತಿ ಬೈಗುಳ. ಯಾವ ಮಠದಾಗ ಹಿಂಗಿರತೈತಿ ಹೇಳ್ರಿ.

ಒಂದಿನ ಫಕ್ಕೀರೇಶ ಗೋಣಿಚೀಲ ಹೊತ್ಕೊಂಡು ನಮ್ಮ ಹಿತ್ತಲಕ ಬಂದ.

“ಅಕ್ಕಾ, ಇದನ್ನ ನಿಮ್ಮ ಕಟ್ಟಿಗಿ ಕೋಣ್ಯಾಗ ಇಡ್ತೀನಿ. ಅಜ್ಜಾರಿಗೆ ಹೇಳಬ್ಯಾಡ್ರಿ.”

“ಏನೈತೋ ಅದರಾಗ? ಕಳವಿನ ಮಾಲೇನು?”

“ಪ್ಲೇಟು. ನಾಳೆ ವಾಮನಬುವಾ ಬರ್ತಾರ. ದೊಡ್ಡ ಗವಾಯಿ. ನನ್ನ ಹಾಡು ಮನಸಿಗೆ ಬಂದ್ರ ತಮ್ಮ ಸಂಗೀತ ಸಭಾದಾಗ ಹಾಡಸ್ತಾರ. ಅಂಥಾವ್ರು ಕಪಾಟಿನ್ಯಾಗ ಈ ಕುಡುಕರ ಹಾಡು, ಕುಣಿಯೋ ಹಾಡು ನೋಡಿದ್ರ ಏನಂತಾರ?”

“ನಿನ್ನ ಹಾಡು ಕೇಳಿ ಏನಂತಾರೋ, ಅದನ್ನ ಮೊದಲು ವಿಚಾರ ಮಾಡು.”

ಮೂತಿ ಉಬ್ಬಿಸ್ಕೊಂಡು, ಚೀಲ ಇಟ್ಟು ಹೋದ.

ಆವತ್ತ ಸಂಜಿಗೆ ಗ್ವಾಡಿ ಆಚೆ ಮಾತು ಕೇಳಿಸ್ತು.

“ಅಜ್ಜಾರ, ನಿಮ್ಮ ಗುರು ಯಾರು ಅಂತ ಬುವಾ ಕೇಳೇ ಕೇಳ್ತಾರ. ಯಾರರ ದೊಡ್ಡ ಉಸ್ತಾದರ ಹೆಸರು ಹೇಳಿಬಿಡ್ರಿ. ಸತ್ತವರದಾದ್ರ ಇನ್ನೂ ಚಲೋ.”

“ಯಾಕ?”

“ಪರಂಪರಾ ಇಲ್ಲದವರನ್ನ ಆ ಸಭಾದಾಗ ಮೆಟ್ಟಲಾ ಹತ್ತಸಂಗಿಲ್ಲ.”

“ರೊಟ್ಟಿ ಆರತಾವ, ಊಟಕ್ಕ ಏಳು,” ಅಂದ್ರು ಅಜ್ಜಾರು.

ಮರುದಿನ ಬುವಾ ಬಂದ್ರು. ಜರಿ ಶಾಲು, ಕೈಯಾಗ ಉಂಗುರ. ಚುರಮುರಿ ಕೊಡೋ ನೆವದಾಗ ನಾನೂ ಹೋಗಿ ಬಾಗಲದಾಗ ನಿಂತೆ.

ಫಕ್ಕೀರೇಶ ಹಾಡಿದ. ಸುಳ್ಳು ಯಾಕ ಹೇಳ್ಲಿ, ಚಲೋ ಹಾಡಿದ. ಮ್ಯಾಲೆ ಹೋದ ಸ್ವರ ಮೆತ್ತಗ ಕೆಳಗ ಇಳಿಸಿದಾಗ ಬುವಾ ಕಣ್ಣು ಮುಚ್ಚಿ ತಲಿ ತೂಗಿದ್ರು.

ಆಮ್ಯಾಲೆ ಅಜ್ಜಾರ ಕಡೆ ತಿರುಗಿದ್ರು.

“ನೀವು ಯಾರ ಕಡೆ ಕಲ್ತೀರಿ? ನಿಮ್ಮ ಗುರುಗಳು ಯಾರು?”

ಫಕ್ಕೀರೇಶನ ಮುಖ ಸುಣ್ಣದಂಗ ಆತು.

ಅಜ್ಜಾರು ಎದ್ದು ಕಪಾಟು ತಗದ್ರು. ಅರ್ಧ ಖಾಲಿ. ಫಕ್ಕೀರೇಶನ ಮುಖ ನೋಡಿದ್ರು. ಅಂವ ನಮ್ಮ ಹಿತ್ತಲ ಕಡೆ ನೋಡಾಕ ಹತ್ತಿದ್ದ. ಅಷ್ಟ ಸಾಕಾತು.

“ನನ್ನ ಗುರುಗಳು ಬಾಜೂಮನಿಗೆ ಹೋಗ್ಯಾರ,” ಅಂದ್ರು. “ಬರ್ರಿ, ಭೆಟ್ಟಿ ಮಾಡಸ್ತೀನಿ.”

ಬುವಾ ಶಾಲು ಎತ್ತಿ ಹಿಡಕೊಂಡು ನಮ್ಮ ಕಟ್ಟಿಗಿ ಕೋಣಿಗೆ ಬಂದ್ರು. ಅಜ್ಜಾರು ಗೋಣಿಚೀಲದ ಮುಂದ ಮೊಣಕಾಲೂರಿ, ಹಣಿ ಹಚ್ಚಿ ನಮಸ್ಕಾರ ಮಾಡಿದ್ರು. ನನಗ ನಗು ಬಂತು. ಫಕ್ಕೀರೇಶನ ಮುಖ ನೋಡಿ ತಡಕೊಂಡೆ.

“ಪೆಟಿಗಿ ತಗೊಂಡು ಬಾ,” ಅಂದ್ರು ಅವಂಗ.

ನಮ್ಮ ಪಡಸಾಲ್ಯಾಗ ಚೀಲ, ಪೆಟಿಗಿ ಎರಡೂ ತಂದಿಟ್ರು. ಮೊದಲು ಹಾಕಿದ್ದು ಕುಡುಕನ ಹಾಡು. ಗವಾಯಿಗಳು ಗುರುವಿನ ಹೆಸರು ತಗೊಳ್ಳೋವಾಗ ಕಿವಿ ಮುಟ್ಕೊಳ್ತಾರಲ್ಲ, ಅಜ್ಜಾರು ಹಂಗ ಕಿವಿ ಮುಟ್ಕೊಂಡ್ರು.

“ಇಂವನಿಂದ ಏನು ಕಲ್ತ್ರಿ?” ಬುವಾ ಕೇಳಿದ್ರು.

“ಸುಮ್ಮನಾಗೋದು. ಮಂದಿ ನಗೋಕ್ಕಿಂತ ಮೊದಲ ಒಂದು ಉಸಿರು ನಿಲ್ತಾನ. ಕೇಳ್ರಿ, ಈಗ.”

ಕವಾಲಿ ಹಾಕಿದ್ರು. ಕಿವಿ ಮುಟ್ಕೊಂಡ್ರು.

“ಒಂದ ಮಾತು ಎಷ್ಟು ಸಲ ಅಂದ್ರೂ ಹಳೇದಾಗದಂಗ ಅನ್ನೋದು.”

ಇಂಗ್ಲೀಷ್ ಬ್ಯಾಂಡಿನ್ಯಾಗ ಯಾವನೋ ತುತ್ತೂರಿ ಊದಿದ. ಮತ್ತ ಕಿವಿ.

“ಮಾತು ತಿಳೀದವರನ್ನೂ ಅಳಸೋದು.”

ಕುಣಿಯೋ ಹಾಡು ಬಂತು. ಬುವಾ ಹುಬ್ಬು ಏರಿಸಿದ್ರು. “ಇದರಿಂದ?”

ಅಜ್ಜಾರು ನನ್ನ ಕಾಲು ತೋರಿಸಿದ್ರು. ಹಾಳಾದ್ದು, ನನ್ನ ಕೇಳದನ ತಾಳ ಹಾಕಾಕ ಹತ್ತಿತ್ತು.

ಬುವಾ ನಕ್ಕ ನಕ್ಕ ಶಾಲು ಜಾರಿ ಬಿತ್ತು.

“ಮನುಷ್ಯಾರ ಕಡೆ ಕಲೀಲೇ ಇಲ್ಲೇನು?”

“ಕೇಳಾಕ ಹೋದಲ್ಲೆಲ್ಲ ಬಾಗಲಾ ಹಾಕಿದ್ರು. ಚಾದಂಗಡಿ ಮುಂದ ಮಾತ್ರ ಯಾರೂ ಹೋಗು ಅನ್ನಲಿಲ್ಲ. ಒಳಗ ಪ್ಲೇಟು ತಿರಗತಿತ್ತು. ಆ ಅಂಗಡಿಯವ ತಣ್ಣಗಿರಲಿ.”

ಬುವಾ ಶಾಲು ಎತ್ಕೊಂಡು, ಮಡಚಿ ತೊಡಿಮ್ಯಾಲೆ ಇಟ್ಕೊಂಡ್ರು.

“ಅಜ್ಜಾರ, ನನಗ ಭಾಳ ಸಂತೋಷ ಆತು. ಸಭಾದ ಮಂದಿಗೆ ಇದು ಸಾಲಂಗಿಲ್ಲ. ಇಂವನ್ನ ನನ್ನ ಕಡೆ ಕಳಸ್ರಿ. ದಾರ ಕಟ್ಟಿ ಶಿಷ್ಯ ಮಾಡ್ಕೊಳ್ತೀನಿ, ನನ್ನ ಹೆಸರಿನ ಮ್ಯಾಲೆ ಹಾಡ್ಲಿ. ನಿಮ್ಮ ಹೆಸರು ಮಾತ್ರ ಅಲ್ಲಿ ಬರಾಂಗಿಲ್ಲ.”

ಫಕ್ಕೀರೇಶಗ ಬೇಕಾದದ್ದು ಎದುರಿಗೆ ಬಂದು ಕುಂತಿತ್ತು. ಅಂವ ನೆಲ ನೋಡಾಕ ಹತ್ತಿದ.

“ನಾ ಒಲ್ಲೆ,” ಅಂದ.

ಚೀಲ ಹೊತ್ತು ತಂದವ ಇಂವನ, ನೋಡ್ರಿ.

“ಹೋಗು,” ಅಂದ್ರು ಅಜ್ಜಾರು.

“ಸಿಟ್ಟಾಗೀರೇನು ಅಜ್ಜಾರ? ಚೀಲದ್ದು ತಪ್ಪಾತು.”

“ಸಿಟ್ಟಿಲ್ಲ. ಬುವಾ ಹತ್ರ ಇರೋದು ನನ್ನ ಹತ್ರ ಇಲ್ಲ. ಬಾಗಲಾ ತಾನಾಗಿ ತಗದೈತಿ, ಕೈಮುಗದು ಒಳಗ ಹೋಗು.”

“ನಿಮ್ಮ ಹೆಸರು ನುಂಗಿ ಹೆಂಗ ಹಾಡ್ಲಿ?” ಅಂದ. ಅಷ್ಟು ದಪ್ಪ ಮೀಸಿಯಂವ, ಕಣ್ಣಾಗ ನೀರು.

ಅಜ್ಜಾರು ಚೀಲದಾಗ ಕೈ ಹಾಕಿ ತಳದಾಗಿಂದ ಇನ್ನೊಂದು ಪ್ಲೇಟು ತಗದ್ರು. ನಡುವಿನ ಹೆಸರಿನ ಚೀಟಿ ಪೂರಾ ಕಿತ್ತು ಹೋಗಿತ್ತು. ಯಾರದೋ ಏನೋ ಅಂತ ಫಕ್ಕೀರೇಶ ಅದನ್ನೂ ಕಟ್ಟಿಗಿ ಕೋಣಿಗೆ ಹಾಕಿದ್ದ.

ಧೋತರದ ಚುಂಗಿನಿಂದ ಒರಸಿ, ಅದರ ಮ್ಯಾಲೆ ಪೆಟಿಗಿ ಮುಳ್ಳು ಇಟ್ರು.

ಸ್ವಲ್ಪ ಹೊತ್ತು ಬರೇ ಕರಕರ. ಆಮ್ಯಾಲೆ ಒಂದು ಹೆಣ್ಣಧ್ವನಿ. ವಯಸ್ಸಾದಾಕಿ ಇರಬೇಕು. ಮ್ಯಾಲೆ ಹೋಗಿ, ಒಂದೀಟು ತಡದು, ಎಳಿ ಕೂಸಿನ್ನ ತೊಟ್ಟಲದಾಗ ಇಟ್ಟಂಗ ಸ್ವರ ಕೆಳಗ ತಂದಿಟ್ಲು.

ಬುವಾ ನೆಟ್ಟಗ ಕುಂತ್ರು. ಫಕ್ಕೀರೇಶನ ಬಾಯಿ ತೆರೀತು. ನನಗ ಸಂಗೀತ ತಿಳಿಯಂಗಿಲ್ಲ, ಆದ್ರೂ ಗೊತ್ತಾತು. ಫಕ್ಕೀರೇಶ ಹಾಡಿದಾಗ ಬುವಾ ಕಣ್ಣು ಮುಚ್ಚಿ ತಲಿ ತೂಗಿದ್ದು ಇದ ಜಾಗಾಕ್ಕ.

“ಈಕಿ ಯಾರು ಅಜ್ಜಾರ?” ಫಕ್ಕೀರೇಶ ಮೆಲ್ಲಕ ಕೇಳಿದ.

ಅಜ್ಜಾರು ಪ್ಲೇಟು ಮುಗಿಯೋತನಕ ಕಾದ್ರು. ಮುಳ್ಳು ಎತ್ತಿದ್ರು. ಎರಡೂ ಕೈ ಜೋಡಿಸಿದ್ರು.

“ಹೆಸರು ಗೊತ್ತಿಲ್ಲೋ ತಮ್ಮಾ. ಆದ್ರ ಬುವಾ ಮುಂದ ನೀ ಹಾಡಿದಾಗ ಈಕಿ ಬಂದಿದ್ಲಲ್ಲ.”