ಒಂದೇ ಕಡೆ ನೋಡುವ ಎತ್ತುಗಳು

"ಗುರುಗಳೇ, ನಾನು ಥೇಟ್ ನಿಮ್ಮ ಹಾಗೆಯೇ ಆಗುವುದು ಯಾವಾಗ?" ಎಂದು ಶಿಷ್ಯ ಕೇಳಿದ.

ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಗುರುಗಳು ಹೇಳಿದ್ದೆಲ್ಲ ಅವನಿಗೆ ಬಾಯಿಪಾಠ. ಪ್ರವಚನಕ್ಕೆ ಮೊದಲು ಅವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಇವನು ಕೆಮ್ಮು ಬಾರದಿದ್ದರೂ ಕೆಮ್ಮುತ್ತಿದ್ದ. ಗುರುಗಳಿಗೆ ವಯಸ್ಸಾಗಿತ್ತು. ಮಠದ ಕೆಲಸ ಇನ್ನು ನನ್ನೊಬ್ಬನಿಂದ ಸಾಗದು ಎಂದು ಹಿಂದಿನ ದಿನವಷ್ಟೇ ಹೇಳಿದ್ದರು. ಅದನ್ನು ಕೇಳಿದಾಗಿನಿಂದ ಶಿಷ್ಯನಿಗೆ ಊಟ ರುಚಿಸಿರಲಿಲ್ಲ.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಒಬ್ಬ ಕುಂಬಾರನಿದ್ದ. ಅವನದು ಮೂವತ್ತು ಮನೆಯ ಊರು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಆ ಊರಿನ ಪ್ರತಿ ಮನೆಯಲ್ಲೂ ಹಸಿಮಣ್ಣಿನಲ್ಲಿ ಮಾಡಿ ಒಣಗಿಸಿದ ಎತ್ತುಗಳ ಜೋಡಿಯನ್ನಿಟ್ಟು ಪೂಜಿಸುವುದು ವಾಡಿಕೆ. ನಲವತ್ತು ವರ್ಷದಿಂದ ಅಷ್ಟೂ ಮನೆಗೆ ಇವನು ಮಾಡಿದ ಎತ್ತೇ ಹೋಗುತ್ತಿತ್ತು. ಅವನ ಬುಟ್ಟಿ ಬಾಗಿಲಿಗೆ ಬಂದ ಮೇಲೆಯೇ ಪೂಜೆ. ಅದಕ್ಕಿಂತ ದೊಡ್ಡ ಮರ್ಯಾದೆ ಅವನಿಗೆ ಬೇಕಿರಲಿಲ್ಲ.

ಒಂದು ವರ್ಷ ಅವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಆದರೆ ಬಲಗೈ ನಡುಗತೊಡಗಿತು. ಎತ್ತು ಮಾಡಲು ಕೂತರೆ ಕಾಲೂ ಸೊಟ್ಟ, ಕೊಂಬೂ ಸೊಟ್ಟ. ಪೇಟೆಯಲ್ಲಿ ಬಣ್ಣ ಬಳಿದ ಎತ್ತುಗಳು ಬೇಕಾದಷ್ಟು ಸಿಗುತ್ತಿದ್ದವು. ಜನ ಒಮ್ಮೆ ಅಲ್ಲಿಂದ ತಂದರೆ ಮತ್ತೆ ತನ್ನ ಬುಟ್ಟಿಯ ದಾರಿ ಕಾಯುವವರಿಲ್ಲ ಎಂದು ಅವನಿಗೆ ಗೊತ್ತಿತ್ತು. ಅಮಾವಾಸ್ಯೆಗೆ ಹದಿನೈದು ದಿನ ಉಳಿದಿರುವಾಗ ಅವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ಆಗ ಪಕ್ಕದ ಮನೆಗೆ ಕಿಟಕಿಯ ಗಾಜು ಕೂರಿಸಲು ಒಬ್ಬ ಕೆಲಸಗಾರ ಬಂದಿದ್ದ. ಸಂಗತಿ ತಿಳಿದು, ಕುಂಬಾರನ ಬಾಗಿಲಲ್ಲಿ ನಿಂತು ಹೇಳಿದ:

"ಅಚ್ಚು ಮಾಡ್ಕೋರಿ ಕಾಕಾ. ಗಾಜಿನ ಸಂದಿಗೆ ನಾವು ಹಚ್ಚತೀವಲ್ಲ, ಆ ಸಿಲಿಕೋನ್ ಒಂದು ಟ್ಯೂಬ್ ತರಸ್ರಿ. ಅಗ್ಗದ ಸಾಮಾನು. ಒಣಗಿದ ಮ್ಯಾಲ ರಬ್ಬರಿನಂಗ ಬಾಗತೈತಿ, ಕೊಂಬು ಮುರಿಯಂಗಿಲ್ಲ."

ಕುಂಬಾರನ ಹೆಂಡತಿ ಟ್ಯೂಬ್ ತಂದಳು. ಹಿಂದಿನ ವರ್ಷದ ಒಂದು ಜೋಡಿ ಮನೆಯ ಗೂಡಿನಲ್ಲಿತ್ತು. ಅದರಲ್ಲಿ ಒಂದು ಎತ್ತನ್ನು ತೆಗೆದು, ಅಂಟಿಕೊಳ್ಳದಂತೆ ಎಣ್ಣೆ ಸವರಿದಳು. ಕೆಲಸಗಾರ ಹೇಳಿಕೊಟ್ಟ ಹಾಗೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಅಂಗಳದಲ್ಲಿ ಕೂತು, ಸಿಲಿಕೋನಿಗೆ ಮೆಕ್ಕೆಜೋಳದ ನುಣ್ಣನೆಯ ಹಿಟ್ಟು ಬೆರೆಸಿ ಚಪಾತಿ ಹಿಟ್ಟಿನ ಹದಕ್ಕೆ ನಾದಿದಳು. ಹುಳಿ ವಾಸನೆಗೆ ಮೂಗು ಸಿಂಡರಿಸಿಕೊಂಡಳು, ಆದರೆ ಕೈ ಬಿಡಲಿಲ್ಲ. ಅದನ್ನು ಎತ್ತಿನ ಮೈತುಂಬ ಒತ್ತಿ, ಗಟ್ಟಿಯಾಗುವವರೆಗೆ ಕಾದು, ಹೊಟ್ಟೆಯ ಕೆಳಗೆ ಬ್ಲೇಡಿನಿಂದ ಸೀಳಿದಳು. ಅಚ್ಚು ಅವರೆಕಾಯಿಯ ಹಾಗೆ ಬಾಯಿಬಿಟ್ಟಿತು. ಎತ್ತು ಕೊಂಬು ಸಮೇತ ಹೊರಗೆ ಬಂತು.

ಅಷ್ಟಕ್ಕೇ ಟ್ಯೂಬ್ ಖಾಲಿಯಾಗಿತ್ತು. ಜೋಡಿಯ ಇನ್ನೊಂದು ಎತ್ತಿಗೂ ಅಚ್ಚು ಬೇಡವೇ ಎಂದು ಅವಳು ಕೇಳಿದಳು. ಎತ್ತು ಎಂದ ಮೇಲೆ ಎತ್ತು, ಒಂದೇ ಅಚ್ಚು ಸಾಕು ಎಂದ ಕುಂಬಾರ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಗಂಡ ಹೆಂಡತಿ ಇಬ್ಬರೂ ಸೇರಿ ಅಚ್ಚಿನೊಳಗೆ ಮಣ್ಣು ಒತ್ತಿ, ಬಿಡಿಸಿ, ಒಣಗಲು ಇಟ್ಟರು. ದಿನಗಳೆದಂತೆ ಅಂಗಳದ ತುಂಬ ಎತ್ತುಗಳಾದವು. ಒಂದಕ್ಕೊಂದು ಎಳ್ಳಷ್ಟೂ ವ್ಯತ್ಯಾಸವಿಲ್ಲ. ಕುಂಬಾರ ಮತ್ತೆ ಹೊಟ್ಟೆತುಂಬ ಉಣ್ಣತೊಡಗಿದ.

ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ. ಆರೋಗ್ಯ ವಿಚಾರಿಸಲು ಒಬ್ಬ ರೈತ ಬಂದ. ಎರಡು ಎತ್ತುಗಳನ್ನು ಎತ್ತಿ ಕಟ್ಟೆಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿದ. ಆಮೇಲೆ ಹೇಳಿದ:

"ಭಾಳ ಚಲೋ ಆಗ್ಯಾವ ಕಾಕಾ. ಆದ್ರ ಎರಡೂ ಬಲಕ್ಕ ನೋಡ್ತಾವಲ್ಲ. ಎಡದ್ದು ತನ್ನ ಜೋಡಿ ಕಡೆ ನೋಡತೈತಿ, ಬಲದ್ದು ಅದಕ್ಕ ಬೆನ್ನು ತಿರುವೈತಿ. ಪಾಲಾದ ಅಣ್ಣತಮ್ಮರಂಗ ನಿಂತಾವ. ಇವನ್ನ ಒಂದ ನೊಗಕ್ಕ ಹ್ಯಾಂಗ ಹೂಡೂದು?"

ಕುಂಬಾರ ನೋಡಿದ. ರೈತ ಹೇಳಿದ್ದು ನಿಜ. ನಲವತ್ತು ವರ್ಷ ಅವನು ಎಡದ ಎತ್ತಿನ ಕತ್ತನ್ನು ತುಸು ಬಲಕ್ಕೆ, ಬಲದ ಎತ್ತಿನ ಕತ್ತನ್ನು ತುಸು ಎಡಕ್ಕೆ ತಿರುಗಿಸುತ್ತ ಬಂದಿದ್ದ. ಹಾಗೆ ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವನ ಕೈಗೆ. ಅಚ್ಚು ಎಡದ ಎತ್ತನ್ನು ಕೂದಲೆಳೆಯಷ್ಟೂ ತಪ್ಪದೆ ಹಿಡಿದುಕೊಂಡಿತ್ತು. ಜೋಡಿಯ ವಿಷಯ ಅದಕ್ಕೇನು ಗೊತ್ತು? ರೈತ ಹೋದ ಮೇಲೆ ಕುಂಬಾರ ಹೆಂಡತಿಯ ಎದುರಿಗೇ ಅತ್ತ.

ಅವಳು ಎದ್ದು ಅಂಗಳಕ್ಕೆ ಹೋದಳು. ಅರ್ಧದಷ್ಟು ಎತ್ತುಗಳನ್ನು ತಂದು ನೀರಿನ ತೊಟ್ಟಿಗೆ ಹಾಕಿದಳು. ಸುಡದ ಮಣ್ಣು, ಸಂಜೆಯೊಳಗೆ ಕರಗಿ ಕೆಸರಾಯಿತು. ಮರುದಿನ ಅದನ್ನೇ ಹದಮಾಡಿ ಮತ್ತೆ ಅಚ್ಚಿಗೆ ಒತ್ತಿದಳು. ಹೊರಬಂದ ಹಸಿ ಎತ್ತನ್ನು, ಒಣಗಿದ ಎತ್ತಿನ ಬಲಕ್ಕೆ ತಂದು ಗಂಡನ ಮುಂದೆ ಇಟ್ಟಳು.

ಕುಂಬಾರ ನಡುಗುವ ಕೈಯನ್ನು ಚಾಚಿ ಹಸಿ ಎತ್ತಿನ ಕತ್ತು ಹಿಡಿದ. ಎತ್ತು ಮಾಡುವ ಕಸುವು ಆ ಕೈಯಲ್ಲಿ ಉಳಿದಿರಲಿಲ್ಲ. ಆದರೆ ಹಸಿ ಕತ್ತನ್ನು ತಿರುಗಿಸಲು ಕಸುವು ಬೇಕಿರಲಿಲ್ಲ. ಮೆಲ್ಲಗೆ ತಿರುಗಿಸಿದ. ಎತ್ತು ತನ್ನ ಜೋಡಿಯ ಕಡೆ ನೋಡಿತು.

ಕೈ ನಡುಗುತ್ತಿದ್ದುದರಿಂದ ಎಲ್ಲ ಕತ್ತೂ ಒಂದೇ ಸಮ ತಿರುಗಲಿಲ್ಲ. ಒಂದು ತಲೆ ತಗ್ಗಿಸಿ ಜೋಡಿಯನ್ನು ಮೂಸುವಂತಿತ್ತು. ಒಂದು ಏನೋ ಕೇಳುವಂತೆ ಮುಖ ಎತ್ತಿತ್ತು. ಅವನ ನಲವತ್ತು ವರ್ಷದ ಎತ್ತುಗಳಲ್ಲಿ ಇಷ್ಟು ಜೀವ ಇರಲಿಲ್ಲ. ಅದನ್ನು ಕಂಡು ಅವನಿಗೆ ತುಂಬ ಸಂತೋಷವಾಯಿತು.

ಅಮಾವಾಸ್ಯೆಯ ಬೆಳಿಗ್ಗೆ ಹೆಂಡತಿ ಬುಟ್ಟಿ ಹೊತ್ತಳು, ಕುಂಬಾರ ಕೋಲೂರಿಕೊಂಡು ಮುಂದೆ ನಡೆದ. ಮೂವತ್ತು ಮನೆಯವರೂ ಬಾಗಿಲು ತೆರೆದು ಕಾಯುತ್ತಿದ್ದರು. ಆ ರೈತ ಜೋಡಿಯನ್ನು ಮಣೆಯ ಮೇಲೆ ಇಟ್ಟು, ಮೊದಲು ಎತ್ತಿಗೆ, ಆಮೇಲೆ ಕುಂಬಾರನ ಕೈಗೆ ನಮಸ್ಕಾರ ಮಾಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಅವನು ಆ ಅಚ್ಚನ್ನು ಎಸೆದನೇ?" ಎಂದು ಶಿಷ್ಯ ಕೇಳಿದ.

"ಯಾಕೆ ಎಸೆಯುತ್ತಾನೆ? ಎತ್ತು ಹುಟ್ಟುವುದು ಅದರಲ್ಲೇ" ಎಂದು ಗುರುಗಳು ನಕ್ಕರು.

ಆಮೇಲೆ ಶಿಷ್ಯನ ಭುಜದ ಮೇಲೆ ಕೈಯಿಟ್ಟು ಹೇಳಿದರು:

"ನೀನೂ ನನ್ನ ಹಾಗೆಯೇ ಆಗಿಬಿಟ್ಟರೆ, ನೊಗದ ಇನ್ನೊಂದು ಬದಿಗೆ ಹೆಗಲು ಕೊಡುವವರು ಯಾರಪ್ಪ?"