ನೇಕಾರನ ಮನೆಯ ಹೆಪ್ಪು

"ಗುರುಗಳೇ, ಸಿಟ್ಟು, ಆಸೆ, ಹೊಟ್ಟೆಕಿಚ್ಚು ಅಂತ ಒಳಗೆ ಮಿಸುಕಾಡುವುದನ್ನೆಲ್ಲ ಒಂದೇ ಏಟಿಗೆ ಕೊಂದುಬಿಡುವ ಮಂತ್ರ ಇದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಮಜ್ಜಿಗೆ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ತಾಯಿಯ ಕಾಲಿನಲ್ಲಿ ಒಂದು ಹುಣ್ಣು. ಎಂಥ ಬಟ್ಟೆ ಕಟ್ಟಿದರೂ ಬೆಳಗಾಗುವಷ್ಟರಲ್ಲಿ ನಾರುತ್ತಿತ್ತು, ಹುಣ್ಣು ಮಾಯುತ್ತಿರಲಿಲ್ಲ. ರೇಷ್ಮೆ ನೂಲು ಬೇಯಿಸಿದಾಗ ಅದರ ಅಂಟೆಲ್ಲ ನೀರಿಗೆ ಬಿಡುತ್ತದೆ. ಆ ನೀರನ್ನು ಎಲ್ಲರೂ ಚರಂಡಿಗೆ ಚೆಲ್ಲುತ್ತಾರೆ, ಇವನೂ ಚೆಲ್ಲುತ್ತಿದ್ದ. ಒಮ್ಮೆ ಅದರೊಳಗೆ ಬಿದ್ದ ಚಿಂದಿಯನ್ನು ಮೂಲೆಗೆಸೆದು ಮರೆತ. ಎಷ್ಟೋ ದಿನದ ಮೇಲೆ ನೋಡಿದರೆ, ಪಕ್ಕದ ಒದ್ದೆ ಬಟ್ಟೆಗೆಲ್ಲ ಬೂಷ್ಟು ಹಿಡಿದಿದೆ, ಈ ಚಿಂದಿ ಮಾತ್ರ ನಾರದೆ ಹಾಗೇ ಇದೆ.

ಅವನ ತಲೆ ಓಡಿತು. ಅಂಟುನೀರನ್ನು ಕಾಯಿಸಿ ಗಟ್ಟಿಮಾಡಿ, ಬೇವಿನ ರಸ ಬೆರೆಸಿ, ರೇಷ್ಮೆ ಬಟ್ಟೆಗೆ ಕುಡಿಸಿದ. ಮೊದಲನೆಯದು ಒಣಗಿ ರೊಟ್ಟಿಯಂತೆ ಸೆಟೆದು ನಿಂತಿತು. ಎರಡನೆಯದನ್ನು ಮೇಕೆ ತಿಂದಿತು. ಮೂರನೆಯದು ಹುಣ್ಣಿನ ಮೇಲೆ ಸರಿಯಾಗಿ ಕೂತಿತು. ತಾಯಿ ಎದ್ದು ಓಡಾಡಿದಳು.

ಅಲ್ಲಿಗೇ ನಿಲ್ಲಿಸಿದ್ದರೆ ಕತೆಯೂ ನಿಲ್ಲುತ್ತಿತ್ತು.

ಹುಣ್ಣು ಕೊಳೆಸುವ, ಕಣ್ಣಿಗೆ ಕಾಣದ ಹುಳಗಳ ಮೇಲೆ ನೇಕಾರನಿಗೆ ಹಗೆ ಹುಟ್ಟಿತು. ದಿಂಬಿಗೆ ಆ ಬಟ್ಟೆ, ಕೊಡದ ಬಾಯಿಗೆ ಆ ಬಟ್ಟೆ, ತನ್ನ ತಲೆಗೂ ಅದೇ ಬಟ್ಟೆ. ಪಕ್ಕದ ಮನೆಯ ಹೊನ್ನವ್ವ ಎಮ್ಮೆ ಕಟ್ಟಿದ ಕೈಯಲ್ಲೇ ಬರುತ್ತಾಳೆಂದು, ಇನ್ನು ನಮ್ಮ ಹೊಸಿಲು ತುಳಿಯಬೇಡ ಎಂದ. ಕೊನೆಗೆ, ಯಾವ ಹುಳವೂ ಸೋಕದಿರಲಿ ಎಂದು ಹೆಪ್ಪಿನ ಕುಡಿಕೆಯೊಳಗೂ ಒಂದು ತುಂಡು ಇಳಿಬಿಟ್ಟ.

ಮರುದಿನ ಹಾಲು ಹಾಲಾಗಿಯೇ ಇತ್ತು. ಅದರ ಮರುದಿನವೂ ಹೆಪ್ಪುಗಟ್ಟಲಿಲ್ಲ.

ತಾಯಿ ತಟ್ಟೆ ದೂಡಿ ಕೂತಳು. "ಅದು ನಮ್ಮತ್ತೆ ಕೊಟ್ಟ ಹೆಪ್ಪು ಕಣೋ. ಅವರಿಗೆ ಅವರತ್ತೆ ಕೊಟ್ಟಿದ್ದು. ಒಂದಿನ ತಪ್ಪದ ಹಾಗೆ ಉಳಿಸ್ಕೊಂಡು ಬಂದಿದ್ದೆ. ಕಾಲು ಉಳಿಸಿದೆ, ಸರಿ. ಈಗ ಅನ್ನಕ್ಕೆ ಏನು ಕಲಸ್ಕೊಳ್ಳಲಿ, ನಿನ್ನ ಬಟ್ಟೇನಾ?"

ಪೇಟೆಯಿಂದ ಮೊಸರು ತಂದಿಟ್ಟ. ಅವಳು ಮೂಸಿಯೂ ನೋಡಲಿಲ್ಲ. ಹುಣ್ಣಿದ್ದಾಗ ತಪ್ಪದೆ ಉಣ್ಣುತ್ತಿದ್ದವಳು ಈಗ ಉಪವಾಸ ಮಲಗಿದಳು.

ಆಗ ಹೆಂಡತಿ ಮೆಲ್ಲಗೆ ಅಂದಳು: "ಹಿಂದೆ ಹೊನ್ನವ್ವನ ಮನೇಲಿ ಹೆಪ್ಪು ಕೆಟ್ಟಾಗ ಅತ್ತೆ ನಮ್ಮದನ್ನೇ ಕೊಟ್ಟಿದ್ರು. ಅದು ಅಲ್ಲಿ ಇನ್ನೂ ಇದ್ದೀತು."

ನೇಕಾರ ಬಟ್ಟಲು ಹಿಡಿದು ಹೊನ್ನವ್ವನ ಹೊಸಿಲಾಚೆ ನಿಂತ.

"ಅಲ್ಲೇ ನಿಂತ್ಕೊ ತಮ್ಮಾ" ಅಂದಳು ಹೊನ್ನವ್ವ. "ಒಳಗೆ ಬಂದ್ರೆ ನಿನ್ನ ಪೇಟ ನೋಡಿ ನಮ್ಮನೆ ಹುಳಗಳು ಹೆದರ್ಕೊಂಡಾವು."

ಅಂದವಳೇ ಎಮ್ಮೆ ಕಟ್ಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಟ್ಟಲಿಗೆ ಒಂದು ಚಮಚ ಹೆಪ್ಪು ಹಾಕಿದಳು. "ಇಷ್ಟು ಸಾಕು. ಉಳಿದಿದ್ದನ್ನ ಅವೇ ಮಾಡ್ಕೊತಾವೆ."

ಬಟ್ಟಲಿಗೆ ಎಲ್ಲಿ ತಗಲೀತೋ ಎಂದು ನೇಕಾರ ತಲೆಯ ಬಟ್ಟೆ ಬಿಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡು, ಬರಿದಲೆಯಲ್ಲಿ ಮನೆಗೆ ನಡೆದ. ಮರುದಿನ ತಾಯಿ ಉಂಡಳು.

ಕತೆ ಕೇಳಿ ಶಿಷ್ಯ ಜೋರಾಗಿ ನಗುತ್ತಿದ್ದ. ಗುರುಗಳು ಉಳಿದ ಮಜ್ಜಿಗೆ ಕುಡಿದು ಮುಗಿಸಿದರು.

"ಮಂತ್ರ ಇದೆ, ಕೊಡೋಣ; ಅದಕ್ಕೆ ಮೊದಲು ನಿನ್ನ ಹೆಪ್ಪನ್ನು ಯಾರ ಮನೆಯಲ್ಲಿ ಇಟ್ಟು ಬಂದಿದ್ದೀಯ, ಹೇಳು."

ಶಿಷ್ಯನ ನಗು ನಿಂತಿತು.