ಎರಡು ಸಾಲೋ, ಮೂರು ಸಾಲೋ

"ಉಸ್ತಾದ್, ಎರಡು ಸಾಲಿಂದೋ ಮೂರು ಸಾಲಿಂದೋ? ಒಂದೇ ಮಾತಲ್ಲಿ ಹೇಳ್ಬಿಡಿ!"

ಭಾರ್ಗವಿ ಬೆಳಗ್ಗೆಯಿಂದ ಇದನ್ನೇ ಕೇಳ್ತಾ ಇದ್ಲು, ಇದು ಏಳನೇ ಸಲ! ಮೈಸೂರಿನ ಬನ್ನಿಮಂಟಪದ ಹಿಂದೆ ಬಾಬಾಜಾನ್ ಉಸ್ತಾದರ ಗ್ಯಾರೇಜು. ಅಲ್ಲಿ ಬೆಂಚಿನ ಮೇಲೆ ಇಂಜಿನ್ ತಣ್ಣಗಿಡೋ ಎರಡು ಹೊಸ ರೇಡಿಯೇಟರ್ ಪಕ್ಕಪಕ್ಕ ಮಲಗಿದ್ವು, ಎರಡೂ ಪಳಪಳ ಅಂತ. ಒಂದರೊಳಗೆ ನೀರು ಹರಿಯೋ ಕೊಳವೆ ಎರಡು ಸಾಲು, ಇನ್ನೊಂದರೊಳಗೆ ಮೂರು ಸಾಲು. ಮೂರು ಸಾಲಿಂದು ದಪ್ಪ ಅಂದ್ರೆ ದಪ್ಪ, ದಿಂಬಿನ ಥರ! ಅಂಗಡಿಯವರು ಎರಡನ್ನೂ ಕೊಟ್ಟು ಕಳಿಸಿದ್ರು, ಸಂಜೆಯೊಳಗೆ ಯಾವ್ದಾದ್ರೂ ಒಂದು ವಾಪಸ್ ಬರ್ಬೇಕು ಅಂತ.

ಕಾರು ಅವಳದ್ದೇ. ಹಳೇ ಪುಟ್ಟ ಕಾರು, ಹೊರಗಿಂದ ನೋಡಿದ್ರೆ ತರಕಾರಿ ತರೋಕೆ ಹೊರಟಿರೋ ಹಾಗಿದೆ. ಬಾನೆಟ್ ಎತ್ತಿದ್ರೆ ಬೇರೇನೇ ಕತೆ! ಟರ್ಬೊ ಕೂರಿಸಿ, ಟ್ಯೂನಿಂಗ್ ಮಾಡಿಸಿ, ಮೊದಲಿದ್ದ ಶಕ್ತಿಗೆ ಎರಡರಷ್ಟು ಬರೋ ಹಾಗೆ ಮಾಡಿದ್ಲು. ಶಕ್ತಿ ಬಂತು, ಅದರ ಹಿಂದೇನೇ ಬಿಸೀನೂ ಬಂತು. ಮಣ್ಣಿನ ಟ್ರ್ಯಾಕಿನ ರೇಸಲ್ಲಿ ಈ ವರ್ಷ ಎರಡು ಸಲ ಕುದ್ದು ನಿಂತಿತ್ತು. ಎರಡು ಸಲಾನೂ ಇಂಜಿನ್ನಿನ ಹೆಡ್, ಅಂದ್ರೆ ಮೇಲಿನ ಮುಚ್ಚಳ, ಸೊಟ್ಟಗಾಗಿ, ಅದನ್ನ ಮಟ್ಟ ಮಾಡೋಕೆ ಮೇಲ್ಮೈ ತೇಯಿಸಿ ತಂದಿದ್ರು. ಇನ್ನೊಂದು ಸಲ ತೇಯೋಣ ಅಂದ್ರೆ ಅದ್ರಲ್ಲಿ ತೇಯೋಕೇ ಏನೂ ಉಳಿದಿಲ್ಲ. ಭಾನುವಾರ ಕೊನೇ ರೇಸು. ಕುದಿಯದೆ ಮುಗಿಸಿದ್ರೆ ವರ್ಷದ ಕಪ್ ಅವಳ ಕೈಗೆ. ಕುದ್ದುಬಿಟ್ರೆ ಇಂಜಿನ್ನೇ ಹೋಯ್ತು, ಅಷ್ಟೇ!

"ಮೂರು ಸಾಲಿಂದೇ ಹಾಕೋಣ ಉಸ್ತಾದ್. ನನ್ ಎದುರು ರೇಸಿಗಿಳಿಯೋ ಆ ಧನಂಜಯನ ಗಾಡೀಲೂ ಮೂರೇ ಇರೋದು. ಹೋದ್ಸಲ ನನ್ ಗಾಡಿ ಬುಸ್ ಅಂತ ಆವಿ ಬಿಟ್ಕೊಂಡು ನಿಂತಾಗ ಏನಂದ ಗೊತ್ತಾ? 'ಭಾರ್ಗವೀ, ಕಾಫಿಗೆ ನೀರು ಕಾಯ್ತಾ? ನಂಗೂ ಒಂದ್ ಲೋಟ ಇರ್ಲಿ' ಅಂದ! ಟ್ರ್ಯಾಕಿನವರೆಲ್ಲಾ ಬಿದ್ದು ಬಿದ್ದು ನಕ್ರು. ಕಮೆಂಟರಿ ಹೇಳೋನೂ ಮೈಕಲ್ಲೇ ನಕ್ಕ ಉಸ್ತಾದ್, ಮೈಕಲ್ಲಿ!"

ಉಸ್ತಾದ್ ನಗ್ಲಿಲ್ಲ. ಹಳೇ ಬನಿಯನ್ ಬಟ್ಟೇಲಿ ಕೈಗಿದ್ದ ಗ್ರೀಸ್ ಒರೆಸ್ಕೊಂಡು ಸ್ಟೂಲು ಎಳೆದ್ರು. ಉಸ್ತಾದ್ ಸ್ಟೂಲು ಎಳೆದ್ರು ಅಂದ್ರೆ ಕತೆ ಬಂತು ಅಂತಾನೇ ಲೆಕ್ಕ! ಭಾರ್ಗವಿ ಒಂದು ಟೈರಿನ ಮೇಲೆ ಕೂತ್ಲು. ಕೂತ್ರೂ ಕಾಲು ಮಾತ್ರ ಕುಣೀತಾನೇ ಇತ್ತು.

"ಒಬ್ಬ ಡ್ರೈವರ್ ಇದ್ದ ಮಗಳೇ," ಅಂದ್ರು ಉಸ್ತಾದ್. "ಕೈ ಒಳ್ಳೇದು. ಆದರೆ ಕಾರು ಕುದೀತಿತ್ತು. ರೇಡಿಯೇಟರ್ ಕೆಲಸದವನೊಬ್ಬನ ಹತ್ರ ಹೋದ. ನಿನ್ನ ಹತ್ರ ಇರೋದ್ರಲ್ಲೇ ದಪ್ಪದ್ದು ಕೊಡು ಅಂದ. ಕೆಲಸದವನು, ಯಾವ ದಾರೀಲಿ ಓಡಿಸ್ತೀಯಾ ಸ್ವಾಮಿ ಅಂತ ಕೇಳಿದ. ದಾರಿ ಕಟ್ಕೊಂಡು ನಿಂಗೇನಾಗ್ಬೇಕು, ಕೇಳಿದ್ದು ಕೊಡು ಅಂದ ಡ್ರೈವರ್. ಸರಿ, ಅವನು ಕೊಟ್ಟ."

"ಆಮೇಲೆ?"

"ಆಮೇಲೆ ಟಾರ್ ರೋಡಲ್ಲಿ ಓಡಿಸಿ ನೋಡಿದ. ಬಿಸಿ ತೋರಿಸೋ ಮುಳ್ಳು ನಡು ಬಿಟ್ಟು ಅಲ್ಲಾಡ್ಲಿಲ್ಲ. ಖುಷಿಯಾಯ್ತು. ಬೀದಿಗೆಲ್ಲಾ ಮೈಸೂರ್ ಪಾಕ್ ಹಂಚಿದ."

ಭಾರ್ಗವಿ ಬೆಂಚಿನ ಮೇಲಿನ ಮೂರು ಸಾಲಿಂದನ್ನ ನೋಡಿ, ನೋಡಿದ್ರಾ ಅನ್ನೋ ಹಾಗೆ ಹುಬ್ಬು ಹಾರಿಸಿದ್ಲು. ಉಸ್ತಾದ್ ಅತ್ತ ತಿರುಗ್ಲೂ ಇಲ್ಲ.

"ರೇಸಿನ ದಿನ ಬಂತು. ಮಣ್ಣಿನ ಟ್ರ್ಯಾಕು. ಧೂಳು ಕೂರ್ಲಿ ಅಂತ ಟ್ಯಾಂಕರಲ್ಲಿ ನೀರು ಹೊಡೆದಿದ್ರು. ಮುಂದಿನ ಗಾಡಿ ಚಕ್ರದಿಂದ ಕೆಸರು ಹಾರಿ ಇವನ ಗಾಡಿ ಮೂತಿಗೇ ಬೀಳ್ತಿತ್ತು. ದಪ್ಪ ರೇಡಿಯೇಟರಿನಲ್ಲಿ ಕೊಳವೆ ನಡುವಿನ ತಗಡಿನ ಹಲ್ಲುಗಳು ಹೇನು ತೆಗೆಯೋ ಬಾಚಣಿಗೆ ಥರ ಒತ್ತೊತ್ತಾಗಿದ್ವು. ಕೆಸರು ಹೋಗಿ ಅಲ್ಲೇ ಕೂತ್ಕೊಂತು. ಮೂರನೇ ಸುತ್ತಿಗೆ ಮುಳ್ಳು ಏರಿತು. ಬುದ್ಧಿಯಿತ್ತು, ಅಲ್ಲಿಗೇ ನಿಲ್ಲಿಸಿದ."

"ಅಯ್ಯೋ!"

"ಮನೆಗೆ ಬಂದು ಯೋಚನೆ ಮಾಡಿದ. ಮಣ್ಣಿಂದ ತಾನೇ ತೊಂದರೆ? ಮಣ್ಣನ್ನೇ ಒಳಗೆ ಬಿಡಬಾರದು. ಅಡುಗೆಮನೆ ಕಿಟಕಿಯಿಂದ ಸೊಳ್ಳೆ ಜಾಲರಿ ಕಿತ್ತು ರೇಡಿಯೇಟರ್ ಮುಂದೆ ಬಿಗಿದ. ಮುಂದಿನ ರೇಸಲ್ಲಿ ಒಂದು ಚೂರು ಮಣ್ಣೂ ಒಳಗೆ ಹೋಗ್ಲಿಲ್ಲ. ಜಾಲರಿ ಮೇಲೆ ಕೆಸರು ಗಾರೆ ಮೆತ್ತಿದ ಹಾಗೆ ಮೆತ್ಕೊಂಡು, ಗಾಳೀನೂ ಹೋಗ್ಲಿಲ್ಲ. ಮೊದಲನೇ ಸುತ್ತಲ್ಲೇ ಕುದೀತು. ಮನೇಲಿ ಸೊಳ್ಳೆ ಬೇರೆ."

ಭಾರ್ಗವಿ ತೊಡೆ ತಟ್ಟಿ ತಟ್ಟಿ ನಕ್ಲು. ನಗ್ತಾ ನಗ್ತಾ ಇದ್ದೋಳು ಗಪ್ ಅಂತ ನಿಲ್ಲಿಸಿದ್ಲು. ಯಾಕಂದ್ರೆ ಅವಳ ಬ್ಯಾಗಲ್ಲೂ ಸೊಳ್ಳೆ ಜಾಲರಿಯ ಒಂದು ಸುರುಳಿ ಇತ್ತು, ನಿನ್ನೆ ತಾನೇ ಹಾರ್ಡ್‌ವೇರ್ ಅಂಗಡೀಲಿ ಎರಡು ಮೀಟರ್ ಕಟ್ ಮಾಡಿಸಿದ್ದು! ಉಸ್ತಾದ್ ನೋಡದೆ ಇರ್ಲಿ ಅಂತ ಬ್ಯಾಗನ್ನ ಮೆಲ್ಲಗೆ ಕಾಲಲ್ಲಿ ಟೈರಿನ ಹಿಂದಕ್ಕೆ ತಳ್ಳಿದ್ಲು. ಉಸ್ತಾದ್ ನೋಡಿದ್ರು. ಕತೆ ಮುಂದುವರಿಸಿದ್ರು.

"ಡ್ರೈವರ್ ಮತ್ತೆ ಆ ಕೆಲಸದವನ ಬಾಗಿಲಿಗೆ ಬಂದ. ಈ ಸಲ ಕೇಳದೇನೇ ದಾರಿ ಹೇಳಿದ, ಮಣ್ಣು, ಕೆಸರು, ತಿರುವು, ಎಲ್ಲಾ. ಕೆಲಸದವನು ಒಳಗಿಂದ ಒಂದು ತೆಳುವಾದ್ದನ್ನ ತಂದ. ಎರಡೇ ಸಾಲು, ಹಲ್ಲುಗಳು ಬಿಡಿಬಿಡಿ. ಬಿಸಿಲಿಗೆ ಎತ್ತಿ ಹಿಡಿದ. ಆ ಕಡೆ ನಿಂತಿದ್ದ ಎಮ್ಮೆ ಈ ಕಡೆಗೆ ಕಾಣ್ತು. ಡ್ರೈವರಿಗೆ ಗಾಬರಿಯಾಯ್ತು. ಲೋ, ಇದ್ರೊಳಗೆ ಮಣ್ಣು ಹೋಗುತ್ತಲ್ಲೋ ಅಂದ. ಕೆಲಸದವನು ಹೇಳಿದ, ಹೋಗ್ಲಿ ಸ್ವಾಮಿ, ಮುಂದಿನಿಂದ ಬಂದದ್ದು ಹಿಂದಿನಿಂದ ಹೋಗ್ಲಿ."

"ಅಷ್ಟೇನಾ?"

"ಪಕ್ಕದ ಸಂದಿಗಳಿಗೆ ರಬ್ಬರ್ ಪಟ್ಟಿ ಹಾಕಿದ, ಬರೋ ಗಾಳಿ ತಪ್ಪಿಸ್ಕೊಂಡು ಹೋಗದೆ ರೇಡಿಯೇಟರ್ ಒಳಗಿಂದಾನೇ ಹಾಯಲಿ ಅಂತ. ಬಾನೆಟ್ಟಿನಲ್ಲಿ ಎರಡು ಸೀಳು ಕೊಯ್ದ, ಬಿಸಿ ಗಾಳಿ ಮೇಲಕ್ಕೆ ಹೋಗ್ಲಿ ಅಂತ. ಮುಂದಿನ ಭಾನುವಾರ ಮುಳ್ಳು ನಡುವಿಗಿಂತ ಒಂದು ಗೆರೆ ಮೇಲೇರಿ ಅಲ್ಲೇ ನಿಂತ್ಕೊಂತು. ಕೊನೇ ಸುತ್ತಿನ ತನಕ ನಿಂತೇ ಇತ್ತು."

"ಗೆದ್ನಾ ಉಸ್ತಾದ್?"

"ಅವತ್ತು ಅವನ ಕಾರನ್ನ ಯಾರೂ ಹಗ್ಗ ಕಟ್ಟಿ ಎಳ್ಕೊಂಡು ಬರ್ಲಿಲ್ಲ. ತಾನೇ ಓಡಿಸ್ಕೊಂಡು ಮನೆಗೆ ಬಂದ."

"ಆ ಡ್ರೈವರ್ ನೀವೇನಾ?"

ಉಸ್ತಾದ್ ಚಾ ಲೋಟಕ್ಕೆ ಕೈ ಹಾಕಿದ್ರು. ಒಂದು ಗುಟುಕು ಕುಡಿದ್ರು.

ಭಾರ್ಗವಿ ಎದ್ದೇ ಬಿಟ್ಲು! ಮೂರು ಸಾಲಿಂದನ್ನ ಎರಡೂ ಕೈಲಿ ಎತ್ಕೊಂಡು ಬಾಗಿಲಿಗೆ ಓಡಿ ಬಿಸಿಲಿಗೆ ಹಿಡಿದ್ಲು. ಕತ್ತಲು. ಅದನ್ನ ಇಳಿಸಿ ಎರಡು ಸಾಲಿಂದನ್ನ ಹಿಡಿದ್ಲು. ರಸ್ತೆ ಆಚೆಯ ಎಳನೀರು ಗಾಡಿ ಕಾಣ್ತು, ಕಾಯಿ ಕಾಯಿಯೂ ಬೇರೆ ಬೇರೆ ಕಾಣ್ತು, ಕತ್ತಿ ಎತ್ತಿರೋ ಕೈ ಕಾಣ್ತು!

"ಉಸ್ತಾದ್, ಕಾಣ್ತಿದೆ! ಆದ್ರೆ ನನ್ ಇಂಜಿನ್ನಿಗೆ ಇದು ನಿಜವಾಗ್ಲೂ ಸಾಕಾ?"

"ಸಾಕು. ನಿನ್ನೇನೇ ಲೆಕ್ಕ ಹಾಕಿ ನೋಡಿದೀನಿ. ಅದು ದಪ್ಪ, ಹಾಕಿದ್ರೆ ಫ್ಯಾನಿಗೆ ಜಾಗಾನೇ ಇರಲ್ಲ. ಇದಾದ್ರೆ ಫ್ಯಾನು ಆರಾಮಾಗಿ ಕೂರುತ್ತೆ."

"ನಿನ್ನೇನೇ ಲೆಕ್ಕ ಆಗಿತ್ತಾ? ಮತ್ತೆ ಬೆಳಗ್ಗೇನೇ ಹೇಳ್ಬಾರ್ದಾ ಉಸ್ತಾದ್?"

"ಬೆಳಗ್ಗೆ ಹೇಳಿದ್ರೆ ಕೇಳ್ತಿದ್ಯಾ?"

ಭಾರ್ಗವಿ ನಾಲಿಗೆ ಕಚ್ಕೊಂಡ್ಲು. ಅಂಗಡಿಗೆ ಫೋನ್ ಮಾಡೋಣ ಅಂತ ಮೊಬೈಲ್ ತೆಗೆದ್ಲು, ನಂಬರ್ ಹುಡುಕಿದ್ಲು, ಬೆರಳು ಇನ್ನೇನು ಒತ್ತಬೇಕು, ಅಲ್ಲೇ ನಿಂತ್ಲು. ಮುಖ ಸಣ್ಣಗಾಯ್ತು.

"ಒಂದೇ ಒಂದು ವಿಷಯ ಉಸ್ತಾದ್. ಭಾನುವಾರ ತಪಾಸಣೆಗೆ ಎಲ್ರೂ ಬಾನೆಟ್ ತೆಗೆದು ನಿಲ್ಲಿಸ್ತಾರೆ. ಆ ಧನಂಜಯ ಬಂದೇ ಬರ್ತಾನೆ. ಬಗ್ಗಿ ನೋಡಿ, ಅಯ್ಯೋ ಇಷ್ಟೇನಾ, ಹಪ್ಪಳದ ಥರ ಇದೆಯಲ್ಲಾ ಅಂತಾನೆ. ಎಲ್ರೂ ಮತ್ತೆ ನಗ್ತಾರೆ. ಅದಕ್ಕೇ, ಮೂರು ಸಾಲಿಂದೇ ಇದ್ದಿದ್ರೆ..."

ಬಾಬಾಜಾನ್ ಉಸ್ತಾದ್ ಚಾ ಲೋಟ ಕೆಳಗಿಟ್ರು.

"ಇಂಜಿನ್ನಿಗೆ ಎರಡು ಸಾಲು ಸಾಕು ಮಗಳೇ, ಆ ಧನಂಜಯನ ಬಾಯಿಗೆ ಎಷ್ಟು ಸಾಲಿಂದು ತರಿಸೋಣ ಹೇಳು."

ಭಾರ್ಗವಿ ಅಂಗಡಿಯ ನಂಬರ್ ಒತ್ತಿ, ಮೂರು ಸಾಲಿಂದು ವಾಪಸ್ ಬರ್ತಿದೆ ಅಂದ್ಲು. ಎರಡು ಸಾಲಿಂದನ್ನ ಎತ್ತಿ ಎದೆಗಾನಿಸ್ಕೊಂಡು ಕಾರಿನ ಹತ್ರ ನಡೆದ್ಲು.